ಗೆರೆ ಮಿಷನ್ನಿನ ಮರಿಸಿದ್ಧ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಚೀಟಿ ಕೊಡೋನು ಇನ್ನೂ ಬಂದಿಲ್ಲ. ನೀವು ನಿಂತ್ಕೊಂಡ್ರೆ ಅವನೇನು ಬೇಗ ಬಂದ್ಬಿಡ್ತಾನಾ? ನಾನು ಬೋರಮ್ಮ. ಇದೇ ತಾಲ್ಲೂಕು ಆಸ್ಪತ್ರೇಲಿ ಮೂವತ್ತೊಂದು ವರ್ಷ ಆಯಾ ಆಗಿದ್ದೋಳು. ಈಗ ನಿಮ್ಮಂಗೇ ಸಾಲಲ್ಲಿ ಕೂತಿದೀನಿ. ಸುಮ್ನೆ ಕೂತು ಕೆಮ್ಮೋ ಬದಲು ಒಂದು ಕತೆ ಕೇಳಿ. ಮಧ್ಯೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಈಗ್ಲೇ ಹೇಳಿದೀನಿ.

ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವ ಸಣ್ಣತಾಯಿ, ಮಗ ಮರಿಸಿದ್ಧ. ಹೆಸರಲ್ಲಿ ಮರಿ ಅಷ್ಟೇ, ಆಳು ಆನೆಮರಿ! ಇಪ್ಪತ್ತಾರು ವರ್ಷ, ಬಾಗಿಲು ತುಂಬ ಮೈ. ತಲೆ ಮಾತ್ರ... ಏನು ಹೇಳ್ಲಿ? ಹೇಳಿದ್ದನ್ನ ಹೇಳಿದಂಗೇ ಮಾಡೋನು. "ಹಾಲು ಉಕ್ತದೆ, ನೋಡ್ಕೊಳ್ಳೋ" ಅಂದ್ರೆ ಒಲೆ ಮುಂದೆ ಕೂತು, ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಖಾಲಿ ಆಗೋವರ್ಗೂ ಕಣ್ಣು ಮಿಟುಕಿಸ್ದಂಗೆ ನೋಡೋನು. "ಯಾಕೋ ಇಳಿಸ್ಲಿಲ್ಲ?" ಅಂದ್ರೆ "ನೋಡ್ಕೋ ಅಂದೆ, ನೋಡ್ದೆ ಕಣವ್ವ!" ಸಣ್ಣತಾಯಿ ಹಣೆ ಹಣೆ ಚಚ್ಚಿಕೊಳ್ಳೋಳು.

ಇವನಪ್ಪ ಚಿಕ್ಕಸಿದ್ಧ ನಮ್ಮ ಆಸ್ಪತ್ರೇಲಿ ಗೆರೆ ಮಿಷನ್ನು ನಡೆಸ್ತಿದ್ದ. ಎದೆ ಬಡಿತಾನ ಕಾಗದದ ಮೇಲೆ ಬರೆಯೋ ಮಿಷನ್ನು. ಈಗಿನ ಥರ ಟೀವಿ ಥರದ್ದಲ್ಲ ಕಣ್ರಪ್ಪಾ. ಮರದ ಪೆಟ್ಟಿಗೆ. ಅದಕ್ಕೊಂದು ಬಾಯಿ. ಆ ಬಾಯಿಗೆ ಕಾಗದದ ಸುರುಳಿ ಹಾಕ್ಬೇಕು. ಒಳಗೊಂದು ಮುಳ್ಳು, ಮುಳ್ಳಿನ ತುದೀಲಿ ಶಾಯಿ. ಕೈಗೆರಡು ಪಟ್ಟಿ, ಕಾಲಿಗೆರಡು ಪಟ್ಟಿ, ಎದೆಗೊಂದು ಬಟ್ಟಲು ಕಟ್ಟಿ ಗುಂಡಿ ಒತ್ತಿದ್ರೆ ಮುಳ್ಳು ಕುಣೀತಾ ಗೆರೆ ಎಳೀತಾ ಹೋಗೋದು. ಕಾಗದ ಆಕಡೆಯಿಂದ ಆಚೆ ಬರೋದು. ಚಿಕ್ಕಸಿದ್ಧ ತೀರಿಕೊಂಡ. ಕೆಲಸ ಮಗನಿಗೆ ಕೊಡಿ ಅಂತ ಸಣ್ಣತಾಯಿ ಬಂದು ಡಾಕ್ಟ್ರ ಮುಂದೆ ನಿಂತ್ಲು.

ಡಾಕ್ಟ್ರು ಇಂದುಧರ. ಒಳ್ಳೆ ಮನುಷ್ಯ, ಕೋಪ ಮೂಗಿನ ತುದೀಲಿ. "ಅಮ್ಮಾ, ಇವನ ಕೈಲಿ ಆಗುತ್ತಾ?" ಅಂದ್ರು.

"ಆಗ್ತದೆ ಸಾಮಿ! ಅಪ್ಪನ ಜೊತೆ ಬಂದು ಪಟ್ಟಿ ಕಟ್ಟೋದು, ಗುಂಡಿ ಒತ್ತೋದು ಎಲ್ಲಾ ಕಲ್ತವ್ನೆ!"

ಅದು ನಿಜ. ಕೈಕೆಲಸ ಚೊಕ್ಕ. ತೊಂದ್ರೆ ಎಲ್ಲಾ ಕಿವಿಯಿಂದ ಒಳಗೆ ಹೋದ್ಮೇಲೆ ಶುರುವಾಗೋದು.

"ಸರಿ. ಇವತ್ತು ಸೋಮವಾರ. ಶನಿವಾರದವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಬೇರೆಯವರನ್ನ ಕಳಿಸಿ ಅಂತ ಜಿಲ್ಲಾ ಕಚೇರಿಗೆ ಬರೀತೀನಿ."

ಆಚೆ ಬಂದು ಸಣ್ಣತಾಯಿ ನನ್ನ ಕೈ ಹಿಡ್ಕೊಂಡ್ಲು. "ಬೋರಕ್ಕಾ, ಆರು ದಿನ! ಇವನು ಈ ಕೆಲಸದಲ್ಲಿ ನಿಂತ್ಕೊಳ್ಳೇಬೇಕು. ನಾನಿಲ್ದೆ ಹೋದ್ರೆ ಇವಂಗೆ ಯಾರಕ್ಕಾ ತಟ್ಟೆ ಮುಂದೆ ಇಡ್ತಾರೆ?" ಅಂದು ಎದೆ ಒತ್ತಿಕೊಂಡ್ಲು. ಏನೇ ಅದು ಅಂದೆ. "ಗಾಳಿ ಹಿಡ್ಕೊಂಡದೆ ಅಷ್ಟೆ. ಡಾಕ್ಟ್ರಿಗೆ ಹೇಳ್ಬೇಡ. ಅವ್ವಂಗೆ ಕಾಯ್ಲೆ ಅಂತ ಇವನು ಮನೇಲಿ ಕೂತ್ಬಿಡ್ತಾನೆ."

ಹಠಮಾರಿ! ಮಗನೂ ಹಂಗೇ ಹಠಮಾರಿ. "ಮಾಡ್ತೀಯೇನೋ?" ಅಂದ್ಲು. "ಮಾಡೇ ಮಾಡ್ತೀನಿ ಕಣವ್ವ!" ಅಂದ.

ಅವತ್ತೇ ಶುರುವಾಯ್ತು. ಜಸಿಂತಾ ಸಿಸ್ಟ್ರು ವಾರ್ಡಿಂದ ಕೂಗಿದ್ರು. "ಮರಿಸಿದ್ಧಾ! ಬೀರುನಲ್ಲಿ ಸುರುಳಿ ಇದೆ ನೋಡು. ಬೇಗ ಕಾಗದ ಹಾಕು!"

"ಯಾರಿಗೆ ಸಿಸ್ಟ್ರೇ?"

"ಆರನೇ ನಂಬರಿಗೆ! ಓಡು ಓಡು!"

ಓಡಿದ! ಎಲ್ಲಿಗೆ? ಸುರುಳಿ ಎತ್ಕೊಂಡ, ಮೇಲೆ "ಆರನೇ ನಂಬರು" ಅಂತ ಬರೆದ, ರಸ್ತೆ ದಾಟಿ ಟಪಾಲಿನ ಕೆಂಪು ಡಬ್ಬದ ಹತ್ರ ನಿಂತ. ಸುರುಳಿ ಡಬ್ಬದೊಳಕ್ಕೆ ಹೋಗ್ಲಿಲ್ಲ. ಬಿಟ್ನಾ? ಬಿಡ್ಲಿಲ್ಲ. ಸುರುಳಿ ಬಿಚ್ಚಿ, ಗೇಣು ಗೇಣೇ ತುರುಕಿ, ಹತ್ತು ಮಾರು ಕಾಗದಾನೂ ಹಾಕ್ಬಿಟ್ಟು ಬೆವರು ಒರೆಸ್ಕೊಂಡು ಬಂದ. ಈಕಡೆ ಆರನೇ ನಂಬರಿನ ರೋಗಿ ಎದೆಗೆ ಬಟ್ಟಲು ಅಂಟಿಸ್ಕೊಂಡು ಚಳೀಲಿ ನಡುಗ್ತಾ ಮಲಗವ್ನೆ!

ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬಂದ, ಕತ್ತಿಗೆ ಕಾಗದ ಹಾರದಂಗೆ ಸುತ್ಕೊಂಡು. "ಯಾರ್ರೀ ಆರನೇ ನಂಬರು? ನಿಮಗೆ ಹತ್ತು ಮಾರು ಕಾಗದ ಬಂದದೆ, ಒಳಗೆ ಒಂದಕ್ಷರ ಇಲ್ಲ!"

ನಾವು ನಕ್ಕಿದ್ದೇ ನಕ್ಕಿದ್ದು. ಸಾಯಂಕಾಲ ಸಣ್ಣತಾಯಿ ನಗ್ಲಿಲ್ಲ. ಅವನ ಕಿವಿ ಹಿಡಿದು ಮಿಷನ್ನಿನ ಮುಂದೆ ನಿಲ್ಲಿಸಿದ್ಲು.

"ಕಾಗದ ಹಾಕು ಅಂದ್ರೆ ಡಬ್ಬಕ್ಕಲ್ಲವೋ ಪೆದ್ದಮುಂಡೇದೇ! ಈ ಬಾಯಿಗೆ! ಯಾರೇ ಹೇಳ್ಲಿ, ಯಾವಾಗ್ಲೇ ಹೇಳ್ಲಿ, ಕಾಗದ ಹಾಕು ಅಂದ್ರೆ ಎಲ್ಲಿಗೆ?"

"ಮಿಷನ್ನಿನ ಬಾಯಿಗೆ ಕಣವ್ವ!"

"ಇನ್ನೊಂದ್ಸಲ!"

"ಮಿಷನ್ನಿನ ಬಾಯಿಗೆ!"

"ಆಚೆ ಬಂದ ಕಾಗದದ ಮೇಲೆ ಮರೀದೆ ಹೆಸರು ಬರಿ. ತಿಳೀತಾ?"

"ತಿಳೀತು ಕಣವ್ವ. ಮಾಡೇ ಮಾಡ್ತೀನಿ!"

ಮಂಗಳವಾರ. ಕಾಗದ ಸರಿಯಾಗಿ ಹಾಕ್ದ. ಏಳು ಜನರ ಗೆರೆ ತೆಗೆದ. ಏಳು ಕಾಗದದ ಮೇಲೂ ಮುತ್ತಿನಂಗೆ ಹೆಸರು ಬರೆದ. ಡಾಕ್ಟ್ರು ನೋಡ್ತಾರೆ, ಮೊದಲ್ನೇದು ಮರಿಸಿದ್ಧ! ಎರಡ್ನೇದು ಮರಿಸಿದ್ಧ! ಏಳಕ್ಕೆ ಏಳೂ ಮರಿಸಿದ್ಧ!

"ಏನೋ ಇದು? ಈ ಮರಿಸಿದ್ಧ ಗುಂಡುಕಲ್ಲಿನ ಹಾಗಿದಾನೆ. ಈ ಮರಿಸಿದ್ಧನಿಗೆ ಇವತ್ತೇ ದೊಡ್ಡಾಸ್ಪತ್ರೆ ಆಗಬೇಕು. ನೀನು ಯಾವ ಮರಿಸಿದ್ಧನಯ್ಯಾ?"

"ಎಲ್ಲಾ ನಾನೇ ಸಾರ್! ಹೆಸರು ಬರಿ ಅಂದ್ಳು ಅವ್ವ. ನಂಗಿರೋದೇ ಒಂದು ಹೆಸರು!"

ಏಳು ಜನಾನೂ ವಾಪಸ್ ಕರೆದು, ಮತ್ತೆ ಪಟ್ಟಿ ಕಟ್ಟಿ, ಮತ್ತೆ ಗೆರೆ ತೆಗೆಯೋ ಹೊತ್ತಿಗೆ ಸಾಯಂಕಾಲ. ಸಣ್ಣತಾಯಿ ಕಾಯ್ತಿದ್ಲು.

"ನಿನ್ನ ಹೆಸರಲ್ಲವೋ! ಮಲಗಿರೋರ ಹೆಸರು! ಅವರನ್ನೇ ಕೇಳು! ಹೆಸರೇನು ಅಂತ ಕೇಳು, ಅವರು ಏನು ಹೇಳ್ತಾರೋ ಅದನ್ನೇ ಬರಿ! ಒಂದಕ್ಷರ ಬಿಟ್ಟೀಯ, ಹುಷಾರು!"

"ಒಂದಕ್ಷರಾನೂ ಬಿಡಲ್ಲ ಕಣವ್ವ. ಮಾಡೇ ಮಾಡ್ತೀನಿ!"

ಬುಧವಾರ. ಒಬ್ಬ ಮುದುಕನ್ನ ಗಾಡೀಲಿ ಕರ್ಕೊಂಡು ಬಂದ್ರು. ಅವನಿಗೆ ಮಾತಾಡಕ್ಕೆ ಉಸಿರಿಲ್ಲ. ಪಕ್ಕದಲ್ಲಿ ಹೆಂಡ್ತಿ. ಗೆರೆ ತೆಗೆದ, ಪೆನ್ನು ಹಿಡ್ದ, ಆಕೇನ ಕೇಳ್ದ. "ಹೆಸರೇನು?"

ಹಳೇ ಕಾಲದ ಹೆಂಗಸು. ಗಂಡನ ಹೆಸರು ಬಾಯಲ್ಲಿ ಹೇಳ್ತಾಳಾ? ಸೆರಗು ಬಾಯಿಗೆ ಇಟ್ಕೊಂಡ್ಲು. "ಥೂ ಹೋಗಪ್ಪ, ನಾನೆಂಗೆ ಹೇಳ್ಲಿ?"

ಇವನು ಬರೆದ.

ಸ್ವಲ್ಪ ಹೊತ್ತಿಗೆ ಡಾಕ್ಟ್ರು ಕಾಗದ ಹಿಡ್ಕೊಂಡು ವರಾಂಡಕ್ಕೆ ಬಂದ್ರು. ಅವತ್ತು ನೂರು ಜನ ಇದ್ರು. ಗಟ್ಟಿಯಾಗಿ ಓದಿದ್ರು. "ಥೂ ಹೋಗಪ್ಪ ನಾನೆಂಗೆ ಹೇಳ್ಲಿ! ಯಾರ್ರೀ ಅದು? ಥೂ ಹೋಗಪ್ಪ ನಾನೆಂಗೆ..." ಅಲ್ಲಿಗೆ ನಿಲ್ಲಿಸಿದ್ರು. ಮುಖ ಕೆಂಪಾಯ್ತು. ಜನ ಬಿದ್ದು ಬಿದ್ದು ನಕ್ರು.

"ಸಿಸ್ಟರ್! ಇವನಿಗೆ ನೀವೇ ಹೇಳಿ! ನನ್ನ ಕೈಲಾಗಲ್ಲ!"

ಸಿಸ್ಟ್ರು ಹೇಳಿದ್ರು. "ನೋಡಪ್ಪಾ, ನಾಳೆಯಿಂದ ಹೆಸರು ನಾನೇ ಹೇಳ್ತೀನಿ. ನೀನು ಮಾತು ಬೆಳೆಸಬೇಡ. ಮಲಗಿದವರು ಮಾತಾಡಿದ್ರೆ ಗೆರೆ ನಡುಗುತ್ತೆ, ಅಲ್ಲಾಡಿದ್ರೆ ಗೆರೆ ಕೆಡುತ್ತೆ. ಮಾತಾಡಬೇಡಿ, ಅಲ್ಲಾಡಬೇಡಿ ಅಂತ ಖಡಾಖಂಡಿತ ಹೇಳು. ಅಷ್ಟೇ!"

"ಖಡಾಖಂಡಿತ ಹೇಳ್ತೀನಿ ಸಿಸ್ಟ್ರೇ. ಹೇಳೇ ಹೇಳ್ತೀನಿ!"

ಗುರುವಾರ ಬಂದೋರು ಯಾರು? ಹೈಸ್ಕೂಲಿನ ಹೆಡ್ಮಾಸ್ಟ್ರು ಅಶ್ವತ್ಥಯ್ಯನೋರು! ನಿಯಮ ಅಂದ್ರೆ ನಿಯಮ ಅನ್ನೋ ಮನುಷ್ಯ. ಮರಿಸಿದ್ಧ ಪಟ್ಟಿ ಕಟ್ಟಿ ಖಡಾಖಂಡಿತ ಹೇಳ್ದ. "ಮಾತಾಡಬೇಡಿ! ಅಲ್ಲಾಡಬೇಡಿ!" ಹೆಡ್ಮಾಸ್ಟ್ರು ಮಾತಾಡ್ಲಿಲ್ಲ, ಅಲ್ಲಾಡ್ಲಿಲ್ಲ. ಗೆರೆ ಬಂತು, ಒಳ್ಳೆ ಗೆರೆ. ಇವನು ಕಾಗದ ಹರಿದು ಡಾಕ್ಟ್ರ ಮೇಜಿನ ಮೇಲಿಟ್ಟು ಮನೆಗೆ ಊಟಕ್ಕೆ ಹೋದ. ಎದ್ದೇಳಿ ಅಂತ ಹೇಳು ಅಂತ ಇವನಿಗೆ ಯಾರೂ ಹೇಳಿರ್ಲಿಲ್ಲವಲ್ಲ!

ಹೆಡ್ಮಾಸ್ಟ್ರು ಮಲಗವ್ರೆ. ಒಂದು ಗಂಟೆ ಆಯ್ತು, ಎರಡು ಗಂಟೆ ಆಯ್ತು. ಅವರ ಹೆಂಡ್ತಿ ಹುಡುಕ್ಕೊಂಡು ಬಂದ್ರು. "ಏನೂಂದ್ರೆ?" ಮಾತಿಲ್ಲ. "ಏನೂಂದ್ರೆ!" ಅಲ್ಲಾಟ ಇಲ್ಲ. ಆಯಮ್ಮ ಎದೆ ಬಡ್ಕೊಂಡು ಅತ್ತ ಸದ್ದಿಗೆ ಬಜಾರೆಲ್ಲಾ ಓಡಿ ಬಂತು. ಸ್ಕೂಲಿಗೆ ರಜಾ ಕೊಟ್ರು! ಯಾರೋ ಹೂವಿನ ಹಾರಾನೂ ತಂದ್ಬಿಟ್ರು! ಅಷ್ಟೊತ್ತಿಗೆ ಮರಿಸಿದ್ಧ ಕೈ ಒರೆಸ್ಕೊಂಡು ಬಂದ. "ಯಾಕ್ ಸಾರ್ ಇನ್ನೂ ಮಲಗಿದೀರಿ?" ಅಂದ. ಹೆಡ್ಮಾಸ್ಟ್ರು ಕಣ್ಣು ಬಿಟ್ಟು ಎದ್ದು ಕೂತು ಕೇಳಿದ್ರು, "ಈಗ ಮಾತಾಡಬಹುದಾ?"

ಹಾರ ಹಿಡಿದೋನು ಹಾರ ಬಿಸಾಕಿ ಓಡಿದ.

ಡಾಕ್ಟ್ರು ಮೇಜು ಗುದ್ದಿದ್ರು. "ನಿನಗೆ ಒಂದೇ ಕೆಲಸ ಕಣೋ! ಗೆರೆ ಮೇಲೆ ಕಣ್ಣಿಡು! ಗೆರೆ ದಾರಿ ತಪ್ಪಿ ಓಡಿದ್ರೆ, ನಾನು ಎಲ್ಲೇ ಇರಲಿ, ಏನೇ ಮಾಡ್ತಿರಲಿ, ನನ್ನನ್ನ ಎತ್ತಾಕ್ಕೊಂಡು ಬಾ! ಬೇರೆ ಏನೂ ಮಾಡಬೇಡ!"

"ಆಗ್ಲಿ ಸಾರ್. ಮಾಡೇ ಮಾಡ್ತೀನಿ!"

ಶುಕ್ರವಾರ ಬೆಳಗ್ಗೆ ಗೆರೆ ಮೇಲೆ ಕಣ್ಣಿಟ್ಟ. ಹೆಂಗಿಟ್ಟ? ಬಗ್ಗಿ, ಕಣ್ಣನ್ನ ತಗೊಂಡು ಹೋಗಿ ಕಾಗದದ ಮೇಲೇ ಇಟ್ಟ! ಮುಳ್ಳು ರೆಪ್ಪೆ ಮೇಲೆ ಹತ್ತಿ, ಮೂಗು ಇಳಿದು, ಆಕಡೆ ಕೆನ್ನೆವರ್ಗೂ ಎದೆ ಬಡಿತ ಬರೀತು. ಡಾಕ್ಟ್ರು ಬಂದು ಕಾಗದ ಎಲ್ಲಿ ಅಂದ್ರೆ ಮುಖ ತೋರಿಸ್ದ!

ಡಾಕ್ಟ್ರು ಬೈಲಿಲ್ಲ. ಕೂತು ಜಿಲ್ಲಾ ಕಚೇರಿಗೆ ಬರೆದ್ರು. "ಈ ಮನುಷ್ಯ ಬೇಡ, ಬೇರೆಯವರನ್ನ ಕಳಿಸಿ." ಬರೆದು ಡ್ರಾಯರಲ್ಲಿ ಇಟ್ರು. "ನಾಳೆ ಶನಿವಾರ. ನಾಳೆ ಮಧ್ಯಾಹ್ನದ ಟಪಾಲಿಗೆ ಇದು ಹೋಗುತ್ತೆ" ಅಂದ್ರು.

ಆ ಮಾತು ನಾನೇ ಹೋಗಿ ಸಣ್ಣತಾಯಿಗೆ ಹೇಳ್ದೆ. ಅವಳು ಅಳ್ಲಿಲ್ಲ. ಮಗನ ಮುಖದ ಶಾಯಿ ತಿಕ್ಕಿ ತಿಕ್ಕಿ ತೊಳೆದ್ಲು. "ಕಣ್ಣಿಡು ಅಂದ್ರೆ ಒಂದು ಮೊಳ ದೂರದಿಂದ ಕಣೋ ಮಗನೇ. ಇನ್ನೂ ಒಂದಿನ ಅದೆ. ನಾಳೆ ನಾನೇ ಬಂದು ನಿನ್ನ ಪಕ್ಕ ಕೂತ್ಕೊತೀನಿ. ನೀನು ನಿಂತ್ಕೊಳ್ಳೋವರ್ಗೂ ನಾನು ಬಿಡಾಕಿಲ್ಲ" ಅಂದ್ಲು. ಅಂದು ಎದೆ ಒತ್ತಿಕೊಂಡ್ಲು.

ಶನಿವಾರ ಬಂದ್ಲು. ಬಂದು ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತ್ಲು. ಹತ್ತು ಗಂಟೆಗೆ ರೋಗಿ ಯಾರೂ ಇರ್ಲಿಲ್ಲ. ಡಾಕ್ಟ್ರು ಬೆಳಗಿನ ರೌಂಡು ಮುಗಿಸಿ ಎದುರುಗಡೆ ಮುನಿಯನ ಅಂಗಡಿಗೆ ಗಡ್ಡ ಕೆರೆಸ್ಕೊಳ್ಳಕ್ಕೆ ಹೋಗಿದ್ರು. ಸಣ್ಣತಾಯಿ ಏನೋ ಹೇಳಕ್ಕೆ ಬಾಯಿ ತೆಗೆದ್ಲು. ಮಾತು ಬರ್ಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗ್ತು. ಸ್ಟೂಲಿಂದ ಜಾರಿ ಕೆಳಕ್ಕೆ ಬಿದ್ಲು!

ನಾನು "ಅಯ್ಯಯ್ಯೋ!" ಅಂತ ಪೊರಕೆ ಬಿಸಾಕ್ದೆ. ಮರಿಸಿದ್ಧ ಅವ್ವನ್ನ ಹೂವಿನಂಗೆ ಎತ್ತಿ ಮಂಚದ ಮೇಲೆ ಮಲಗಿಸ್ದ. ಕೈಗೆರಡು, ಕಾಲಿಗೆರಡು, ಎದೆಗೊಂದು. ಒಂದೂ ತಪ್ಪಲಿಲ್ಲ. ಬಾಯಲ್ಲಿ ಗೊಣಗ್ತಾ ಇದ್ದ. "ಕಾಗದ ಎಲ್ಲಿಗೆ? ಮಿಷನ್ನಿನ ಬಾಯಿಗೆ!" ಹಾಕ್ದ. ಗುಂಡಿ ಒತ್ತಿದ. ಪೆನ್ನು ತಗೊಂಡ. ಸಿಸ್ಟ್ರು ಹೆರಿಗೆ ವಾರ್ಡಲ್ಲಿದ್ರು, ಹೆಸರು ಹೇಳೋರಿಲ್ಲ. ಕೇಳ್ದ. "ಹೆಸರೇನು?"

ಸಣ್ಣತಾಯಿ ಕಣ್ಣು ಬಿಟ್ಲು. ಆ ಸಂಕಟದಲ್ಲೂ ಕೋಪ ಬಂತು ಅವಳಿಗೆ. "ನಾನು ನಿನ್ನವ್ವ ಕಣೋ!"

ಬರೆದ. "ನಾನು ನಿನ್ನವ್ವ ಕಣೋ." ಒಂದಕ್ಷರ ಬಿಡ್ಲಿಲ್ಲ.

"ಮಾತಾಡಬೇಡ! ಅಲ್ಲಾಡಬೇಡ!" ಅಂದ. ಒಂದು ಮೊಳ ದೂರ ನಿಂತು ಗೆರೆ ಮೇಲೆ ಕಣ್ಣಿಟ್ಟ. ಗೆರೆ ಹುಚ್ಚು ಹಿಡಿದ ದನದಂಗೆ ಎತ್ತೆತ್ತಲೋ ಓಡ್ತಿತ್ತು. ನೋಡ್ದ. ತಿರುಗ್ದ. ರಸ್ತೆಗೆ ಹಾರ್ದ!

ಡಾಕ್ಟ್ರು ಮುನಿಯನ ಕುರ್ಚೀಲಿ ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿ ಕೂತವ್ರೆ. ಅರ್ಧ ಗಡ್ಡ ಹೋಗದೆ, ಅರ್ಧ ನೊರೆ ಅದೆ. ಮರಿಸಿದ್ಧ ಕರೀಲಿಲ್ಲ, ಕೂಗ್ಲಿಲ್ಲ. ಎತ್ತಾಕ್ಕೊಂಡು ಬಾ ಅಂದಿದ್ರಲ್ಲ! ಸೊಂಟಕ್ಕೆ ಕೈ ಹಾಕಿ ಎತ್ತಿ ಹೆಗಲಿಗೆ ಹಾಕ್ಕೊಂಡ!

"ಏಯ್! ಬಿಡೋ! ಇಳಿಸೋ! ಮುನಿಯಾ, ಹಿಡಿಯೋ ಇವನನ್ನ!" ಡಾಕ್ಟ್ರು ಕಾಲು ಒದರಿದ್ರು, ಬೆನ್ನಿಗೆ ಗುದ್ದಿದ್ರು. ಕನ್ನಡಕ ಎಲ್ಲಿ, ಚಪ್ಪಲಿ ಎಲ್ಲಿ! ಮುನಿಯ ಕತ್ತಿ ಹಿಡ್ಕೊಂಡೇ ಹಿಂದೆ ಓಡಿ ಬಂದ. ಬಜಾರು ಬಾಯಿ ಬಿಟ್ಕೊಂಡು ನೋಡ್ತು. ಮರಿಸಿದ್ಧ ನಿಲ್ಲಲಿಲ್ಲ. ಒಂದೇ ಉಸಿರಿಗೆ ತಂದು ಮಂಚದ ಮುಂದೆ ನಿಲ್ಲಿಸ್ದ. "ಗೆರೆ ಓಡ್ತಾ ಅದೆ ಸಾರ್!"

ಡಾಕ್ಟ್ರು ಕೈ ಎತ್ತಿದ್ರು ಹೊಡೆಯಕ್ಕೆ. ಕಾಗದ ಕಂಡಿತು. ಕೈ ಇಳೀತು. "ಬೋರಮ್ಮಾ, ಸಿಸ್ಟರನ್ನ ಕರಿ! ಆಕ್ಸಿಜನ್! ಇಂಜೆಕ್ಷನ್!"

ಆಮೇಲೆ ಎಷ್ಟು ಹೊತ್ತೋ ನಂಗೆ ಗೊತ್ತಿಲ್ಲ. ಸಿಸ್ಟ್ರು ಓಡಿ ಬಂದ್ರು, ಸೂಜಿ ಚುಚ್ಚಿದ್ರು. ಡಾಕ್ಟ್ರು ಅರ್ಧ ನೊರೆ ಮುಖದಲ್ಲೇ ಗೆರೆ ನೋಡ್ತಾ ನಿಂತಿದ್ರು. ಮರಿಸಿದ್ಧನೂ ಒಂದು ಮೊಳ ದೂರದಲ್ಲಿ ನಿಂತಿದ್ದ. ಗೆರೆ ಓಡ್ತು, ಓಡ್ತು, ಸುಸ್ತಾಯ್ತು. ನಿಧಾನಕ್ಕೆ ನಡೆಯಕ್ಕೆ ಶುರು ಮಾಡ್ತು. ಒಂದೇ ಸಮ, ಒಂದೇ ಸಮ. ಸಣ್ಣತಾಯಿ ಮುಖಕ್ಕೆ ರಕ್ತ ಬಂತು. ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

"ಹತ್ತು ನಿಮಿಷ ತಡ ಆಗಿದ್ರೆ..." ಅಂದ್ರು ಡಾಕ್ಟ್ರು. "ಬೇರೆ ಯಾರೇ ಆಗಿದ್ರೂ ಬಾಗಿಲಲ್ಲಿ ನಿಂತು ಸಾರ್ ಸಾರ್ ಅಂತ ಕೆಮ್ಮುತ್ತಾ ಇರ್ತಿದ್ರು" ಅಂದ್ರು. ಡ್ರಾಯರಿನ ಕಾಗದ ತೆಗೆದು ಪರಪರ ಹರಿದ್ರು. ಅಲ್ಲೇ ನಿಂತು ಹೊಸ ಕಾಗದ ಬರೆದ್ರು. "ಮರಿಸಿದ್ಧ ಎಂಬ ಈತ ಕೆಲಸಕ್ಕೆ ತಕ್ಕವನು. ಖಾಯಂ ಮಾಡಿ." ಓದಿ ಹೇಳಿದ್ರು. ಸಣ್ಣತಾಯಿ ಕಣ್ಣಂಚಲ್ಲಿ ನೀರು ಇಳೀತು.

"ಮರಿಸಿದ್ಧಾ! ಮಿಷನ್ ನಿಲ್ಲಿಸಬೇಡ, ಇನ್ನೂ ಸ್ವಲ್ಪ ಹೊತ್ತು ಗೆರೆ ನೋಡ್ಬೇಕು. ಲಕೋಟೆ ಮೇಜಿನ ಮೇಲಿದೆ, ವಿಳಾಸ ಬರೆದಿದೀನಿ. ಟಪಾಲು ಹೋಗೋದ್ರೊಳಗೆ ಈ ಕಾಗದ ಹಾಕು!" ಅಂದು ಉಳಿದ ಅರ್ಧ ಗಡ್ಡ ಕೆರೆಸ್ಕೊಳ್ಳಕ್ಕೆ ಹೋದ್ರು.

ಈ ಕಾಗದ ಹಾಕು! ಯಾರೇ ಹೇಳ್ಲಿ, ಯಾವಾಗ್ಲೇ ಹೇಳ್ಲಿ, ಎಲ್ಲಿಗೆ?

ಮಡಚಿದ. ಉದ್ದುದ್ದ ಮಡಚಿದ, ಸುರುಳಿಯಷ್ಟು ಅಗಲಕ್ಕೆ. ಹಳೇ ಸುರುಳಿ ಎಳೆದು ತೆಗೆದ. ಮಿಷನ್ನಿನ ಬಾಯಿಗೆ ಇಟ್ಟ!

ಸಣ್ಣತಾಯಿ ನೋಡಿದ್ಲು. "ಅಯ್ಯೋ ಮಗನೇ! ಅಲ್ಲಿಗಲ್ಲವೋ! ಡಬ್ಬಕ್ಕೆ!"

"ಮಾತಾಡಬೇಡ ಕಣವ್ವ! ಗೆರೆ ನಡುಗ್ತದೆ!"

"ನಿನ್ನ ಕೆಲಸದ ಕಾಗದ ಕಣೋ ಅದು!"

"ಅಲ್ಲಾಡಬೇಡ ಅಂದೆ! ಗೆರೆ ಕೆಡ್ತದೆ!"

ಅವಳು ಕೋಪದಲ್ಲಿ ಹಲ್ಲು ಕಡಿದ್ಲು, ಮುಳ್ಳು ಕುಣೀತು. ಅವಳ ಎದೆ ಬಡಿತ ಅಷ್ಟೂ ಆ ಸರ್ಕಾರಿ ಕಾಗದದ ಮೇಲೆ ಈ ತುದಿಯಿಂದ ಆ ತುದಿವರ್ಗೂ ಬರ್ಕೊಂಡು ಹೋಯ್ತು. ಮರಿಸಿದ್ಧನ ಹೆಸರು ಶಾಯೀಲಿ ಮುಳುಗಿ ಹೋಯ್ತು. ಕಾಗದ ಆಚೆ ಬಂತು. ಆಚೆ ಬಂದ ಕಾಗದದ ಮೇಲೆ ಏನು ಮಾಡ್ಬೇಕು? ಮಲಗಿರೋರ ಹೆಸರು ಬರೀಬೇಕು! ಬರೆದ, ಅವಳು ಆಗ ಹೇಳಿದ್ದನ್ನೇ, ದಪ್ಪ ಅಕ್ಷರದಲ್ಲಿ.

ನಾನು ಹಾಲು ಬಿಸಿ ಮಾಡ್ಕೊಂಡು ಬರೋ ಹೊತ್ತಿಗೆ ಕಾಗದ ಅವನ ಕೈಲಿತ್ತು. ಸಣ್ಣತಾಯಿ ಸಾಕಾಗಿ ಕಣ್ಣು ಮುಚ್ಚಿದ್ಲು. ಟಪಾಲಿನೋನು ಡಬ್ಬ ತೆಗೆಯೋದು ಕಿಟಕೀಲಿ ಕಾಣ್ತಿತ್ತು. "ಅಯ್ಯೋ ಇನ್ನೂ ಹಾಕಿಲ್ವೇನೋ!" ಅಂತ ಕಿತ್ಕೊಂಡು, ಲಕೋಟೆಗೆ ತುರುಕಿ, ಓಡಿ ಹೋಗಿ ಕೊಟ್ಟು ಬಂದೆ. ಯಾಕೆ ಹಂಗೆ ನೋಡ್ತೀರಿ? ನಂಗೇನು ಓದಕ್ಕೆ ಬರ್ತಿತ್ತಾ? ಗೀಚು ಗೀಚು ಗೆರೆ ಕಂಡೆ. ಡಾಕ್ಟ್ರ ಬರಹ ಯಾವಾಗ್ಲೂ ಹಂಗೇ ಅಲ್ವಾ ಅಂದ್ಕೊಂಡೆ!

ಹನ್ನೆರಡು ದಿನಕ್ಕೆ ಜಿಲ್ಲಾ ಕಚೇರಿಯಿಂದ ಆರ್ಡರು ಬಂತು. ಡಾಕ್ಟ್ರು ವರಾಂಡದಲ್ಲಿ ಎಲ್ಲರ ಮುಂದೆ ಒಡೆದು ಓದಿದ್ರು. "ಗೆರೆ ಯಂತ್ರದ ಕೆಲಸಕ್ಕೆ ಶ್ರೀ ಎನ್. ನಿನ್ನವ್ವಕಣೋ ಎಂಬುವರನ್ನು ಖಾಯಂ ಮಾಡಲಾಗಿದೆ."

ಅಲ್ಲೂ ಇಂಥೋನೇ ಒಬ್ಬ ಕೂತವ್ನೆ ನೋಡಿ! ಹೆಸರು ಮುಳುಗಿದ್ದ ಕಡೆ ಬಿಟ್ಟು, ದಪ್ಪಗೆ ಕಂಡಿದ್ದನ್ನ ಒಂದಕ್ಷರ ಬಿಡ್ದಂಗೆ ಇಳಿಸವ್ನೆ. ನಾನು ಅನ್ನೋದನ್ನ ಎನ್ ಮಾಡವ್ನೆ!

ಸಿಸ್ಟ್ರು ತಿದ್ದಿಸೋಣ ಅಂದ್ರು. ಡಾಕ್ಟ್ರು ನಗು ತಡ್ಕೊಳ್ಳಕ್ಕಾಗ್ದೆ ಕಣ್ಣಲ್ಲಿ ನೀರು ತುಂಬ್ಕೊಂಡು ಕೈ ಆಡಿಸಿದ್ರು. "ಬೇಡಿ ಸಿಸ್ಟರ್! ತಿದ್ದಿಸಕ್ಕೆ ಹೋದ್ರೆ ಕೆಲಸ ಇನ್ಯಾರಿಗೋ ಹೋಗುತ್ತೆ. ಇರಲಿ ಹೀಗೇ." ಹಾಜರಿ ಪುಸ್ತಕದಲ್ಲೂ ಅದೇ ಹೆಸರು ಬರೆಸಿದ್ರು. ಸಣ್ಣತಾಯಿ ಹಣೆ ಚಚ್ಚಿಕೊಂಡ್ಲು, ಆದ್ರೆ ನಗ್ತಾ ಚಚ್ಚಿಕೊಂಡ್ಲು. ಹದಿನಾಲ್ಕು ವರ್ಷ ಬದುಕಿದ್ಲು ಆಮೇಲೆ. ಆ ಹದಿನಾಲ್ಕು ವರ್ಷವೂ ದಿನಾ ಬೆಳಗ್ಗೆ ಎಂಟು ಗಂಟೆಗೆ ಡಾಕ್ಟ್ರು ಪುಸ್ತಕ ತೆಗೆದು ಹಾಜರಿ ಕೂಗೋರು. "ಜಸಿಂತಾ?" "ಹಾಜರ್ ಸಾರ್." "ಬೋರಮ್ಮ?" "ಇದೀನಿ ಸಾರ್." ಆಮೇಲೆ ಕನ್ನಡಕ ಸರಿ ಮಾಡ್ಕೊಂಡು, ಮುಖ ಗಂಟಿಕ್ಕಿ, "ನಿನ್ನವ್ವಕಣೋ?" ಅನ್ನೋರು.

ಮರಿಸಿದ್ಧ ದಡಕ್ಕನೆ ಎದ್ದು ನಿಂತು ಹೇಳೋನು, "ಮನೇಲವ್ಳೆ ಸಾರ್! ಚೆನ್ನಾಗವ್ಳೆ!"